ಕೊತ್ತಂಬರಿಗೊಂದು ಕುಂಡ, ಪುದೀನಕ್ಕೊಂದು ಬಕೆಟ್

ತಾರಸಿಯ ಒಂದು ಮೂಲೆ ಮತ್ತು ದಿನಕ್ಕೆ ನಾಲ್ಕೈದು ಗಂಟೆಯ ಬಿಸಿಲು ಇದ್ದರೆ ಒಗ್ಗರಣೆಗೂ ಚಟ್ನಿಗೂ ಬೇಕಾಗುವ ಪರಿಮಳದ ಸೊಪ್ಪುಗಳಲ್ಲಿ ಬಹುಪಾಲನ್ನು ಮನೆಯಲ್ಲೇ ಬೆಳೆದುಕೊಳ್ಳಬಹುದು. ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿರುವ ಮೈಸೂರಿನ ಹವೆ ವರ್ಷದ ಹೆಚ್ಚಿನ ತಿಂಗಳುಗಳಲ್ಲಿ ಇದಕ್ಕೆ ಅನುಕೂಲವಾಗಿಯೇ ಇರುತ್ತದೆ. ಆದರೂ ಕುಂಡದ ಕೊತ್ತಂಬರಿ ಕೈಕೊಟ್ಟಿತೆಂದು ದೂರುವವರು ಬೀದಿಗೊಬ್ಬರು ಸಿಗುತ್ತಾರೆ. ಎಲ್ಲ ಸೊಪ್ಪನ್ನೂ ಒಂದೇ ಬಗೆಯ ಗಿಡವೆಂದು ಭಾವಿಸುವುದೇ ಇದಕ್ಕೆ ಮುಖ್ಯ ಕಾರಣ. ಕೊತ್ತಂಬರಿ, ಸಬ್ಬಸಿಗೆ ಮತ್ತು ಮೆಂತ್ಯ ಅಲ್ಪಾವಧಿಯ ಬೆಳೆಗಳು. ಅವನ್ನು ಬಿತ್ತಿ, ಕೊಯ್ದು, ಮತ್ತೆ ಬಿತ್ತಬೇಕು. ಪುದೀನ, ದೊಡ್ಡಪತ್ರೆ ಮತ್ತು ಕರಿಬೇವು ಒಮ್ಮೆ ನೆಟ್ಟರೆ ವರ್ಷಗಟ್ಟಲೆ ಉಳಿಯುತ್ತವೆ. ಮೊದಲ ಗುಂಪನ್ನು ಎರಡನೆಯದರಂತೆ ಸಾಕಲು ಹೊರಟರೆ ನಿರಾಸೆ ಖಚಿತ.

ಮಣ್ಣು ಮತ್ತು ಕುಂಡ

ಮೈಸೂರಿನ ಸುತ್ತಲಿನ ಕೆಂಪು ಮಣ್ಣು ಒಳ್ಳೆಯದೇ, ಆದರೆ ಕುಂಡದೊಳಗೆ ನಾಲ್ಕು ಬಾರಿ ನೀರು ಕಂಡರೆ ಗಟ್ಟಿಯಾಗಿ ಕೂರುತ್ತದೆ. ಮಂಡ್ಯದ ನಾಲಾ ಬಯಲಿನ ಜಿಗುಟಾದ ಗದ್ದೆ ಮಣ್ಣಂತೂ ಕುಂಡಕ್ಕೆ ಹೇಳಿಸಿದ್ದಲ್ಲ. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ ಮತ್ತು ಒಂದು ಪಾಲು ತೆಂಗಿನ ನಾರಿನ ಪುಡಿಯನ್ನು ಕಲೆಸಿ, ಕುಂಡಕ್ಕೊಂದು ಹಿಡಿ ಬೇವಿನ ಹಿಂಡಿ ಸೇರಿಸಿದರೆ ಸಾಕು. ತೆಂಗಿನ ಸೀಮೆಯಾದ್ದರಿಂದ ನಾರಿನ ಪುಡಿಗೆ ನಮ್ಮಲ್ಲಿ ಬರವಿಲ್ಲ. ಆದರೆ ಅದರಲ್ಲಿ ಉಪ್ಪಿನಂಶ ಇರುವುದರಿಂದ ಎರಡು ಬಾರಿ ನೀರಿನಲ್ಲಿ ನೆನೆಸಿ ಹಿಂಡಿದ ನಂತರವೇ ಬಳಸಬೇಕು.

ಕುಂಡ ಅಂದವಾಗಿರಬೇಕೆಂದಿಲ್ಲ. ತಳದಲ್ಲಿ ನಾಲ್ಕೈದು ತೂತುಗಳಿರುವ ಹಳೆಯ ಬಕೆಟ್ ಅಥವಾ ಗ್ರೋ ಬ್ಯಾಗ್ ಆದರೂ ನಡೆಯುತ್ತದೆ. ತೂತಿನ ಮೇಲೆ ಒಂದಿಷ್ಟು ತೆಂಗಿನ ನಾರು ಹರಡಿದರೆ ಮಣ್ಣು ಕೊಚ್ಚಿ ಹೋಗುವುದಿಲ್ಲ, ನೀರೂ ನಿಲ್ಲುವುದಿಲ್ಲ.

ಕೊತ್ತಂಬರಿ: ಬಿತ್ತನೆಯೇ ಮುಖ್ಯ

ಕೊತ್ತಂಬರಿಯ ಬೇರು ನೇರವಾಗಿ ಕೆಳಕ್ಕಿಳಿಯುವುದರಿಂದ ಕುಂಡದ ಆಳ ಕನಿಷ್ಠ 15ರಿಂದ 20 ಸೆಂಟಿಮೀಟರ್ ಇರಬೇಕು. ಅಗಲ ಎಷ್ಟಿದ್ದರೂ ಒಳ್ಳೆಯದು. ಇದೇ ಕಾರಣಕ್ಕೆ ಸಸಿ ಮಾಡಿ ಕಿತ್ತು ನೆಡುವ ಕ್ರಮ ಇದಕ್ಕೆ ಒಗ್ಗುವುದಿಲ್ಲ. ಬೇರು ಕದಲಿದರೆ ಗಿಡ ಎಲೆ ಬಿಡುವುದನ್ನು ಬಿಟ್ಟು ಹೂವಿಗೆ ಅವಸರ ಮಾಡುತ್ತದೆ.

ನಾವು ಬೀಜ ಎಂದು ಕರೆಯುವ ದುಂಡನೆಯ ಧನಿಯ ವಾಸ್ತವದಲ್ಲಿ ಒಂದು ಒಣಗಿದ ಕಾಯಿ. ಅದರೊಳಗೆ ಎರಡು ಬೀಜಗಳಿರುತ್ತವೆ. ಮಣೆಯ ಮೇಲೆ ಹರಡಿ ಲಟ್ಟಣಿಗೆಯನ್ನು ಹಗುರವಾಗಿ ಉರುಳಿಸಿದರೆ ಪ್ರತಿ ಕಾಯಿಯೂ ಸಣ್ಣಗೆ ಚಟ್ಟೆಂದು ಎರಡು ಹೋಳಾಗುತ್ತದೆ. ಇದರಲ್ಲಿ ಕೈ ಹಗುರವಿರಬೇಕು. ಪುಡಿಯಾದದ್ದು ಸಾರಿನ ಪುಡಿಗೇ ಹೊರತು ಬಿತ್ತನೆಗೆ ಬಾರದು. ಅಡುಗೆಮನೆಯ ಡಬ್ಬಿಯ ಧನಿಯವನ್ನೇ ಬಳಸುವುದಾದರೆ, ಅದು ಎಷ್ಟು ಹಳೆಯದೋ ತಿಳಿಯದಾದ್ದರಿಂದ, ಮೊದಲು ಇಪ್ಪತ್ತು ಹೋಳುಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, ಬಟ್ಟೆ ಒಣಗದಂತೆ ಹತ್ತು ದಿನ ನೋಡಿಕೊಂಡು, ಎಷ್ಟು ಮೊಳೆಯುತ್ತವೆ ಎಂದು ಪರೀಕ್ಷಿಸುವುದು ಜಾಣತನ. ಅರ್ಧಕ್ಕಿಂತ ಕಡಿಮೆ ಮೊಳೆತರೆ ಬೀಜದಂಗಡಿಗೆ ಹೋಗುವುದೇ ಲೇಸು. ಅಲ್ಲಿ ಸಿಗುವ ಬಿತ್ತನೆ ಬೀಜಕ್ಕೆ ಔಷಧ ಲೇಪಿಸಿರುವ ಸಾಧ್ಯತೆ ಇರುವುದರಿಂದ ಉಳಿದದ್ದನ್ನು ಅಡುಗೆಗೆ ಬಳಸಬಾರದು.

ಒಡೆದ ಬೀಜವನ್ನು ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ನೀರು ಬಸಿದು ನೆರಳಿನಲ್ಲಿ ಆರಿಸಿದ ಮೇಲೆ, ಹದವಾಗಿ ಒದ್ದೆಯಾದ ಮಣ್ಣಿನಲ್ಲಿ ಬೆರಳಿನಿಂದ ಒಂದು ಸೆಂಟಿಮೀಟರ್ ಆಳದ ಗೆರೆಗಳನ್ನು ಎಳೆದು ಬಿತ್ತಬೇಕು. ಗೆರೆಯಿಂದ ಗೆರೆಗೆ ನಾಲ್ಕು ಬೆರಳಿನ ಅಂತರವಿರಲಿ. ಮೇಲೆ ತೆಳುವಾಗಿ ಪುಡಿಗೊಬ್ಬರ ಉದುರಿಸಿ, ನೀರನ್ನು ಸುರಿಯದೆ ಚಿಮುಕಿಸಬೇಕು. ಎಂಟರಿಂದ ಹನ್ನೆರಡು ದಿನಗಳಲ್ಲಿ ಮೊಳಕೆ ಮೇಲೆ ಬರುತ್ತದೆ. ಬಹಳ ಜನ ಒಂದು ವಾರ ಕಾದು, ಬೀಜ ಕೆಟ್ಟಿದೆ ಎಂದುಕೊಂಡು ಮಣ್ಣನ್ನು ಕೆದಕಿಬಿಡುತ್ತಾರೆ. ಅಷ್ಟು ಅವಸರ ಬೇಡ.

ಬಿತ್ತಿದ ಐದಾರು ವಾರಗಳಲ್ಲಿ ಸೊಪ್ಪು ಕೊಯ್ಲಿಗೆ ಸಿದ್ಧ. ಬುಡದಿಂದ ಎರಡು ಬೆರಳು ಮೇಲೆ, ಹೊರಗಿನ ದಂಟುಗಳನ್ನು ಮಾತ್ರ ಕತ್ತರಿಸಿ ನಡುವಿನ ಸುಳಿಯನ್ನು ಉಳಿಸಿದರೆ ಇನ್ನೊಂದೆರಡು ಬಾರಿ ಚಿಗುರುತ್ತದೆ. ಅಗಲವಾದ ಎಲೆಗಳ ಬದಲು ಸಬ್ಬಸಿಗೆಯಂಥ ಎಳೆಎಳೆಯಾದ ಎಲೆ ಕಾಣಿಸಿತೆಂದರೆ ಗಿಡ ಹೂವಿಗೆ ಬರುತ್ತಿದೆ ಎಂದು ಅರ್ಥ. ಆಮೇಲೆ ಎಷ್ಟು ಗೊಬ್ಬರ ಹಾಕಿದರೂ ಹಳೆಯ ಸೊಪ್ಪು ಮರಳದು. ಹಾಗಾಗಿ ಮೂರು ಕುಂಡಗಳನ್ನು ಇಟ್ಟುಕೊಂಡು ಹದಿನೈದು ದಿನಕ್ಕೊಂದರಂತೆ ಬಿತ್ತುತ್ತಾ ಹೋಗುವುದೇ ಸರಿಯಾದ ಕ್ರಮ. ಕುಂಡ ಒಂದೇ ಇದ್ದರೆ ಮಧ್ಯದಲ್ಲಿ ತಿಂಗಳುಗಟ್ಟಲೆ ಬಿಡುವು ಬೀಳುತ್ತದೆ. ಹೂ ಬಿಟ್ಟ ಗಿಡಗಳನ್ನು ಕಿತ್ತೆಸೆಯಬೇಕಾಗಿಲ್ಲ. ಅವುಗಳ ಹಸಿರು ಕಾಯಿಗಳನ್ನು ಚಟ್ನಿಗೆ ಹಾಕಬಹುದು, ಹೂವಿಗೆ ಜೇನ್ನೊಣಗಳೂ ಬರುತ್ತವೆ.

ಸಬ್ಬಸಿಗೆಗೂ ಇದೇ ಕ್ರಮ ಅನ್ವಯಿಸುತ್ತದೆ, ಬೀಜ ಒಡೆಯುವ ಕೆಲಸ ಮಾತ್ರ ಇಲ್ಲ. ಅಕ್ಕಿರೊಟ್ಟಿಗೂ ಅವರೆಕಾಳಿನ ಸಾರಿಗೂ ಸಬ್ಬಸಿಗೆ ಇಲ್ಲದಿದ್ದರೆ ನಡೆಯದ ಊರು ನಮ್ಮದು, ಆದರೂ ಅದನ್ನು ಕುಂಡದಲ್ಲಿ ಬೆಳೆಯುವವರು ಕಡಿಮೆ. ಮೆಂತ್ಯವಂತೂ ನೆನೆಸಿ ಚೆಲ್ಲಿದರೆ ಮೂರ್ನಾಲ್ಕು ದಿನಗಳಲ್ಲಿ ಮೊಳೆತು ತಿಂಗಳೊಳಗೆ ಕೈಗೆ ಬರುತ್ತದೆ. ಹೊಸಬರು ಇದರಿಂದಲೇ ಆರಂಭಿಸುವುದು ಒಳ್ಳೆಯದು.

ಪುದೀನ ಮತ್ತು ದೊಡ್ಡಪತ್ರೆ

ಪುದೀನಕ್ಕೆ ಬೀಜ ಬೇಡ. ದೇವರಾಜ ಮಾರುಕಟ್ಟೆಯಿಂದಲೋ ಮನೆಮುಂದೆ ಬರುವ ತಳ್ಳುಗಾಡಿಯಿಂದಲೋ ತಂದ ಕಟ್ಟಿನಲ್ಲಿ ಎಲೆ ಬಿಡಿಸಿಕೊಂಡು, ಬಲಿತ ಕಡ್ಡಿಗಳನ್ನು ಗೇಣುದ್ದಕ್ಕೆ ಕತ್ತರಿಸಿ, ಕೆಳಗಿನ ಎರಡು ಗಿಣ್ಣುಗಳು ಮುಳುಗುವಂತೆ ಲೋಟದ ನೀರಿನಲ್ಲಿ ಇಟ್ಟರೆ, ವಾರ ಹತ್ತು ದಿನದಲ್ಲಿ ಗಿಣ್ಣಿನಿಂದ ದಾರದಂಥ ಬಿಳಿ ಬೇರುಗಳು ಇಳಿಯುತ್ತವೆ. ಎರಡು ದಿನಕ್ಕೊಮ್ಮೆ ನೀರು ಬದಲಿಸಬೇಕು. ಬೇರುಗಳು ಬೆರಳುದ್ದವಾದ ಮೇಲೆ ಅಗಲವಾದ ಬಕೆಟ್ಟಿನಲ್ಲಿ ನೆಟ್ಟರೆ ಸರಿ. ಇದನ್ನು ಬೇರೆ ಗಿಡಗಳ ಜೊತೆ ಮಾತ್ರ ನೆಡಬಾರದು, ಏಕೆಂದರೆ ನೆಲದೊಳಗೆ ಬಳ್ಳಿಯಂತೆ ಹಬ್ಬಿ ಪಕ್ಕದ ಗಿಡದ ಜಾಗವನ್ನೂ ನುಂಗುತ್ತದೆ. ಸೊಪ್ಪು ಕಡ್ಡಿಕಡ್ಡಿಯಾಗಿ ನೆಟ್ಟಗೆ ಬೆಳೆದಾಗ ಮಣ್ಣಿನ ಮಟ್ಟಕ್ಕೆ ಕತ್ತರಿಸಿ ಹಿಡಿ ಗೊಬ್ಬರ ಹಾಕಿದರೆ ಹೊಸದಾಗಿ ಚಿಗುರುತ್ತದೆ.

ದೊಡ್ಡಪತ್ರೆಯ ಯಾವ ಕಡ್ಡಿ ಚುಚ್ಚಿದರೂ ಬದುಕುತ್ತದೆ. ಅದನ್ನು ಕೊಲ್ಲುವುದು ಅತಿಯಾದ ನೀರೊಂದೇ.

ಕರಿಬೇವು

ಕರಿಬೇವನ್ನು ಬೀಜದಿಂದ ಬೆಳೆಸುವುದಾದರೆ ಹಣ್ಣು ತಾಜಾ ಇರಬೇಕು, ಒಣಗಿದ ಬೀಜ ಬೇಗ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತದೆ. ನರ್ಸರಿಯ ಸಸಿ ತರುವುದೇ ಸುಲಭ. ಒಂದೂವರೆ ಅಡಿ ಆಳದ ಕುಂಡದಲ್ಲಿ ನೆಟ್ಟು, ಮೊದಲ ವರ್ಷ ಎಲೆ ಕೀಳುವ ಆಸೆಯನ್ನು ಹತೋಟಿಯಲ್ಲಿಡಬೇಕು. ಗಿಡ ಎರಡಡಿ ಎತ್ತರವಾದಾಗ ತುದಿಯನ್ನು ಚಿವುಟಿದರೆ ಪಕ್ಕದ ಕೊಂಬೆಗಳು ಒಡೆಯುತ್ತವೆ.

ಕರಿಬೇವು ನಿಂಬೆಯ ಕುಟುಂಬಕ್ಕೆ ಸೇರಿದ್ದು. ನಿಂಬೆ ಗಿಡಕ್ಕೆ ಬರುವ ಚಿಟ್ಟೆಗಳು ಇದರ ಎಳೆ ಚಿಗುರಿನ ಮೇಲೂ ಮೊಟ್ಟೆಯಿಡುವುದು ಅದಕ್ಕೇ. ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಂದು-ಬಿಳಿ ಬಣ್ಣದ ಏನೋ ಅಂಟಿಕೊಂಡಿದ್ದರೆ ಹತ್ತಿರದಿಂದ ನೋಡಿ: ಅದು ಮರಿಹುಳು. ಬಲಿತಾಗ ಹಸಿರು ಬಣ್ಣಕ್ಕೆ ತಿರುಗಿ ಎಲೆಯೊಳಗೆ ಬೆರೆತುಹೋಗುತ್ತದೆ, ಸಣ್ಣ ಗಿಡವನ್ನು ಕೆಲವೇ ದಿನಗಳಲ್ಲಿ ಬೋಳು ಮಾಡುತ್ತದೆ. ಔಷಧ ಹೊಡೆಯುವ ಬದಲು ಕೈಯಿಂದ ಆರಿಸಿ ಹೊರಗಿನ ನಿಂಬೆ ಗಿಡಕ್ಕೆ ಬಿಟ್ಟರೆ ಗಿಡವೂ ಉಳಿಯುತ್ತದೆ, ಚಿಟ್ಟೆಯೂ ಉಳಿಯುತ್ತದೆ.

ನೀರು, ಕೀಟ, ಬೇಸಿಗೆ

ದಿನವೂ ಇಷ್ಟು ಚೊಂಬು ಎಂದು ಲೆಕ್ಕವಿಟ್ಟು ನೀರು ಹಾಕುವ ಅಭ್ಯಾಸ ಸರಿಯಲ್ಲ. ಬೆರಳನ್ನು ಒಂದು ಗಿಣ್ಣಿನಷ್ಟು ಮಣ್ಣಿಗೆ ಇಳಿಸಿ, ಒಣಗಿದ್ದರೆ ತಳದಿಂದ ಹೊರಬರುವಷ್ಟು ನೀರು ಹಾಕಬೇಕು, ತೇವವಿದ್ದರೆ ಸುಮ್ಮನಿರಬೇಕು. ನೀರು ಶುದ್ಧೀಕರಣ ಯಂತ್ರದಿಂದ ಹೊರಬರುವ ತ್ಯಾಜ್ಯ ನೀರನ್ನು ಉಳಿತಾಯವೆಂದು ಕುಂಡಕ್ಕೆ ಸುರಿಯುವವರಿದ್ದಾರೆ. ಅದರಲ್ಲಿ ಲವಣ ಹೆಚ್ಚಾಗಿರುವುದರಿಂದ ಅದು ನೆಲ ಒರೆಸುವುದಕ್ಕೆ ಇರಲಿ. ಸಸ್ಯಹೇನು ಕಂಡರೆ ಒಂದು ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನ ಎಣ್ಣೆ ಮತ್ತು ಎರಡು ಹನಿ ಸೋಪಿನ ದ್ರಾವಣ ಬೆರೆಸಿ ಸಂಜೆ ಸಿಂಪಡಿಸಿ, ನಾಲ್ಕೈದು ದಿನ ಬಿಟ್ಟು ಚೆನ್ನಾಗಿ ತೊಳೆದು ಬಳಸಬೇಕು.

ಬಿತ್ತನೆಯ ಸೊಪ್ಪುಗಳಿಗೆ ಸೆಪ್ಟೆಂಬರ್‌ನಿಂದ ಫೆಬ್ರುವರಿವರೆಗಿನ ಕಾಲ ಅತ್ಯುತ್ತಮ. ಮಾರ್ಚ್ ಬಂತೆಂದರೆ ಕುಂಡಗಳನ್ನು ಬೆಳಗಿನ ಬಿಸಿಲು ಮಾತ್ರ ಬೀಳುವ ಕಡೆಗೆ ಸರಿಸಿ, ಮಣ್ಣಿನ ಮೇಲೆ ಒಣಹುಲ್ಲು ಅಥವಾ ಕಬ್ಬಿನ ತರಗನ್ನು ಹೊದಿಸಬೇಕು. ಏಪ್ರಿಲ್‌ನಲ್ಲಿ ಕೊತ್ತಂಬರಿ ಬಿತ್ತದಿರುವುದೇ ಮೇಲು, ಆ ಉರಿಯಲ್ಲಿ ಮೊಳೆತದ್ದೂ ನೇರವಾಗಿ ಹೂವಿಗೆ ಓಡುತ್ತದೆ. ಆ ಅವಧಿಯಲ್ಲಿ ಖಾಲಿ ಕುಂಡಗಳ ಮಣ್ಣನ್ನು ತಾರಸಿಯ ಮೇಲೆ ಹರಡಿ ವಾರವಿಡೀ ಬಿಸಿಲಿಗೆ ಒಣಗಿಸಿ, ಹಳೆಯ ಬೇರುಗಳನ್ನು ಆರಿಸಿ ತೆಗೆದು, ಮೂರನೇ ಒಂದು ಪಾಲು ಹೊಸ ಗೊಬ್ಬರ ಬೆರೆಸಿ ಚೀಲದಲ್ಲಿ ತುಂಬಿಟ್ಟುಕೊಂಡರೆ, ಜೂನ್ ತಿಂಗಳಲ್ಲಿ ಹವೆ ತಂಪಾಗುತ್ತಿದ್ದಂತೆ ಬಿತ್ತನೆ ಆರಂಭಿಸಬಹುದು.