ಮುಂದಿನ ಗಾಲಿಗೂ ಸ್ವಲ್ಪ ಭಾರ ಬೇಕು

ಮೊದಲ ಸಲ ಸಾಮಾನು ಕಟ್ಟಿಕೊಂಡು ಕುಮಟಾ ಕಡೆಯಿಂದ ದೇವಿಮನೆ ಘಟ್ಟ ಹತ್ತಿದಾಗ ನನ್ನ ಸೈಕಲ್ಲಿನ ಹ್ಯಾಂಡಲ್ ಹೇಳಿದ ಮಾತು ಕೇಳಲಿಲ್ಲ. ಟೆಂಟು, ಬಟ್ಟೆ, ಸ್ಟೋವ್ ಎಲ್ಲ ಹಿಂದಿನ ಕ್ಯಾರಿಯರ್ ಮೇಲೆ. ಕಡಿದಾದ ತಿರುವಿನಲ್ಲಿ ಪೆಡಲ್ ಒತ್ತಿದರೆ ಮುಂದಿನ ಗಾಲಿ ಹಗುರಾಗಿ ಅತ್ತ ಇತ್ತ ಹೊಯ್ದಾಡುತ್ತಿತ್ತು. ಹಿಂದಿನಿಂದ ಲಾರಿ ಬೇರೆ. ಶಿರಸಿಗೆ ಬಂದವನೇ ಅಡಿಕೆ ತೂಗುವ ಕಾಂಟಾದ ಮೇಲೆ ಚೀಲಗಳನ್ನಿಟ್ಟೆ. 17 ಕಿಲೋ! ಅಷ್ಟೂ ಭಾರ ಒಂದೇ ಗಾಲಿಗೆ ಹೇರಿದ್ದೆ.

ಸೈಕಲ್ ಹೊಸದೇನಲ್ಲ. 26 ಇಂಚಿನ ಗಾಲಿಯ ಹಳೆಯ ಸ್ಟೀಲ್ ಎಂಟಿಬಿ (ಮೌಂಟೇನ್ ಬೈಕ್), ಮುಂದೆ ಶಾಕ್ ಅಬ್ಸಾರ್ಬರ್ ಇಲ್ಲದ್ದು. ಅದನ್ನೇ ಟೂರಿಂಗಿಗೆ ಸಜ್ಜು ಮಾಡೋಣ ಅಂದುಕೊಂಡೆ. ಇದರ ಟೈರು, ಟ್ಯೂಬು ಸಣ್ಣ ಊರಲ್ಲೂ ಸಿಗುತ್ತದೆ. ಆದರೆ ಅಂಗಡಿಯಲ್ಲಿ ಬರೀ '26' ಅಂದರೆ ಸಾಲದು. 26x1.95 ಬೇರೆ, ಹಳೇ ನಮೂನೆ ಸೈಕಲ್ಲಿನ 26x1⅜ ಬೇರೆ. ಒಂದರ ರಿಮ್ಮಿಗೆ ಇನ್ನೊಂದು ಕೂರುವುದಿಲ್ಲ.

ದುಡ್ಡು ಹೆಚ್ಚು ಹೋಗಿದ್ದು ಹಿಂದಿನ ಗಾಲಿಗೆ. ಹಳೆಯದರಲ್ಲಿ 7 ಗೇರಿನ ಫ್ರೀವೀಲ್ ಇತ್ತು, ಅಂದರೆ ಗೇರಿನ ಹಲ್ಲುಚಕ್ರಗಳ ಗೊಂಚಲನ್ನು ಹಬ್ಬಿಗೆ (ಗಾಲಿಯ ನಡುವಿನ ಭಾಗಕ್ಕೆ) ತಿರುಗಿಸಿ ಕೂರಿಸುವಂಥದ್ದು. ಆ ಬಗೆಯ ಹಬ್ಬಿನಲ್ಲಿ ಬಲಗಡೆಯ ಬೇರಿಂಗ್ ಒಳಕ್ಕೆಲ್ಲೋ ಇರುತ್ತದೆ, ಅಲ್ಲಿಂದ ಆಚೆ ಆ್ಯಕ್ಸಲ್ಲಿಗೆ ಆಸರೆಯೇ ಇಲ್ಲ. ಭಾರ ಹಾಕಿ ಹೊಂಡ ಹಾರಿಸುತ್ತಿದ್ದರೆ ಬಾಗುತ್ತದೆ, ಒಂದು ದಿನ ತುಂಡಾಗುತ್ತದೆ. ಹಲ್ಲುಚಕ್ರಗಳನ್ನು ಜಾರಿಸಿ ಕೂರಿಸುವ ಕ್ಯಾಸೆಟ್ ಹಬ್ಬಿನಲ್ಲಿ ಬೇರಿಂಗ್ ಅಂಚಿನ ಹತ್ತಿರವೇ ಇರುವುದರಿಂದ ಆ ತಲೆಬಿಸಿ ಇಲ್ಲ. 36 ಕಡ್ಡಿಯ ಗಾಲಿ, 11ರಿಂದ 34 ಹಲ್ಲಿನವರೆಗಿನ 8 ಗೇರಿನ ಕ್ಯಾಸೆಟ್, ಮುಂದೆ ಪೆಡಲ್ ಹತ್ತಿರ 42, 32, 22 ಹಲ್ಲಿನ ಮೂರು ಚಕ್ರ. ಅತಿ ಸಣ್ಣ ಗೇರಿನಲ್ಲಿ ಪೆಡಲ್ ಒಂದು ಸುತ್ತು ತಿರುಗಿದರೆ ಸೈಕಲ್ ಸುಮಾರು 1.3 ಮೀಟರ್ ಹೋಗುತ್ತದೆ. ನಿಮಿಷಕ್ಕೆ 60 ಸುತ್ತು ತುಳಿದರೂ ಗಂಟೆಗೆ 5 ಕಿಲೋಮೀಟರ್ ಆಗುವುದಿಲ್ಲ. ನಡೆದ ಹಾಗೇ ಸೈ. ಆದರೆ ಘಟ್ಟದಲ್ಲಿ ಇಳಿದು ತಳ್ಳುವುದು ತಪ್ಪಿತಲ್ಲ.

ಬ್ರೇಕು ಮೊದಲಿನದೇ, ರಿಮ್ಮನ್ನು ಎರಡೂ ಬದಿಯಿಂದ ಒತ್ತುವ ವಿ-ಬ್ರೇಕ್. ರಬ್ಬರ್ ಮಾತ್ರ ಹೊಸದು.

ಇನ್ನು ಮುಂದಿನ ಕ್ಯಾರಿಯರ್. ಮೊದಲು ಗಾಲಿಯ ಮೇಲೆ ಹಲಗೆಯ ಹಾಗೆ ಕೂರುವಂಥದ್ದನ್ನು ಹಾಕಿದೆ. ಕಟ್ಟುವುದು ಸುಲಭ, ನೋಡಲೂ ಚೆಂದ. ಆದರೆ ಅಷ್ಟು ಎತ್ತರದಲ್ಲಿ 6 ಕಿಲೋ ಕೂತರೆ ಹ್ಯಾಂಡಲ್ ಒಮ್ಮೆ ವಾಲಿದ್ದು ಮತ್ತೂ ವಾಲುತ್ತದೆ. ಇಳಿಜಾರಿನಲ್ಲಿ ಒಂದು ಕೈ ಬಿಟ್ಟೆ, ಇಡೀ ಸೈಕಲ್ ಗಡಗಡ ನಡುಗಿತು. ಮತ್ತೆ ಕೈ ಬಿಡಲಿಲ್ಲ. ಅದೇ ಭಾರವನ್ನು ಆ್ಯಕ್ಸಲ್ಲಿನ ಎತ್ತರಕ್ಕೆ ಇಳಿಸಿ, ಎರಡೂ ಬದಿಗೆ ಹಂಚಿ, ಫೋರ್ಕಿಗೆ (ಮುಂದಿನ ಗಾಲಿಯನ್ನು ಹಿಡಿದಿರುವ ಕವಲಿಗೆ) ಆದಷ್ಟು ಹತ್ತಿರ ತಂದರೆ ಹ್ಯಾಂಡಲ್ ಸ್ವಲ್ಪ ಗಟ್ಟಿಯಾಗುತ್ತದೆ, ಆದರೆ ಹೊಯ್ದಾಡುವುದಿಲ್ಲ. ಇಂಥ ತಗ್ಗಿನ ಕ್ಯಾರಿಯರನ್ನು ಲೋರೈಡರ್ ಅನ್ನುತ್ತಾರೆ.

ಅಲ್ಯೂಮಿನಿಯಂದು ಹಗುರ. ಆದರೆ ದಾರಿಯಲ್ಲಿ ಬಿರುಕು ಬಿಟ್ಟರೆ ಬೆಸೆಯುವವರು ಸಿಗುವುದು ಕಷ್ಟ. ಹಾಗಾಗಿ 8 ಮಿಲಿಮೀಟರ್ ಕಬ್ಬಿಣದ ಸರಳಿನಲ್ಲಿ ಮಾಡಿಸೋಣ ಅಂತ ರಟ್ಟಿನ ಮೇಲೆ ಚಿತ್ರ ಬರೆದುಕೊಂಡು ವೆಲ್ಡಿಂಗ್ ಅಂಗಡಿಗೆ ಹೋದೆ.

"ಎಂತದು ಮಾರಾಯ್ರೇ ಇದು, ಹಾಲಿನ ಕ್ಯಾನ್ ಇಡೂಕಾ?" ಅಂದರು. ವಿವರಿಸಿದೆ. "ಹಂಗಾರೆ ಫೋರ್ಕಿಗೇ ವೆಲ್ಡಿಂಗ್ ಹೊಡ್ದು ಬಿಡ್ತೆ. ಜನ್ಮಕ್ಕೂ ಅಲ್ಲಾಡೂದಿಲ್ಲ."

ಅದೊಂದು ಬೇಡ ಅಂದೆ. ಫೋರ್ಕಿನ ಕೊಳವೆ ತೆಳು. ಆ ಬಿಸಿಗೆ ಬೆಸುಗೆಯ ಪಕ್ಕದ ಕಬ್ಬಿಣ ಸೋಲುತ್ತದೆ. ಬೇರೆಲ್ಲಿ ಮುರಿದರೂ ನಿಲ್ಲಿಸಿ ನೋಡಬಹುದು, ಫೋರ್ಕ್ ಮುರಿದರೆ ಹಲ್ಲು ಉಳಿಯುವುದಿಲ್ಲ. ಕೆಳಗೆ, ಮಡ್‌ಗಾರ್ಡ್ ಕಡ್ಡಿಗೆ ಅಂತ ಇದ್ದ ತೂತಿಗೆ 5 ಮಿಲಿಮೀಟರ್ ಬೋಲ್ಟ್ ಹಾಕಿದೆವು. ಮೇಲೆ ಫೋರ್ಕಿನ ಸುತ್ತ ಕ್ಲ್ಯಾಂಪು, ಅದರಡಿ ಹಳೇ ಟ್ಯೂಬಿನ ಪಟ್ಟಿ. ಎರಡೂ ಬದಿಯನ್ನು ಟೈರಿನ ಮೇಲಿಂದ ಹಾದು ಜೋಡಿಸುವ ಒಂದು ಕಮಾನೂ ಬೇಕು. ಅದಿಲ್ಲದಿದ್ದರೆ ಚೀಲ ಒಳಗೆ ವಾಲಿ ಕಡ್ಡಿಗೆ ಸಿಕ್ಕಿಕೊಳ್ಳುತ್ತದೆ. ಎಲ್ಲ ಸೇರಿ ಒಂದು ಕಿಲೋದ ಆಚೀಚೆ ಬಂತು.

ಮುಂದಿನ ಸಲ ಶಿರಸಿಯಿಂದ ಇಳಿದು ಕುಮಟಾ ಮೇಲಿಂದ ಕಾರವಾರಕ್ಕೆ ಹೊರಟೆ. ಮುಂದೆ ಬದಿಗೆ 3 ಕಿಲೋದಂತೆ ಅಕ್ಕಿ, ಸ್ಟೋವ್, ಪಾನಾ. ಹಿಂದೆ 11. ಘಟ್ಟದ ತಿರುವಿನಲ್ಲಿ ಸೈಕಲ್ ಹಳಿ ಮೇಲೆ ಹೋದ ಹಾಗೆ ಹೋಯಿತು. ಖುಷಿಯಲ್ಲಿದ್ದೆ. ಕುಮಟಾ ದಾಟಿದ ಮೇಲೆ ಎಡಗಡೆಯಿಂದ ಟಿಣ್ ಟಿಣ್ ಸದ್ದು. ಕೆಳಗಿನ ಬೋಲ್ಟ್ ಅರ್ಧ ಹೊರಗೆ ಬಂದಿತ್ತು! ಸ್ಪ್ರಿಂಗ್ ವಾಷರ್ ಹಾಕುವುದನ್ನೇ ಮರೆತಿದ್ದೆ, ತಪ್ಪು ನನ್ನದೇ. ಈಗ ಬೋಲ್ಟಿನ ತುದಿಗೆ ಒಳಗಿಂದ ನೈಲಾಕ್ ನಟ್ಟು ಇದೆ, ಒಳಗಿನ ನೈಲಾನ್ ಉಂಗುರದಿಂದ ಸುಲಭಕ್ಕೆ ಸಡಿಲಾಗದಂಥದ್ದು. ಚೀಲದಲ್ಲಿ ನಾಲ್ಕು ಬೋಲ್ಟು ಜಾಸ್ತಿಯೇ ಇರುತ್ತವೆ.

ಕಾರವಾರದಲ್ಲಿ ಮೂರು ದಿನ ಉಳಿದೆ. ಬಣ್ಣ ಕೆತ್ತಿದ ಕಡೆಯೆಲ್ಲ ತುಕ್ಕು. ಸಮುದ್ರದ ಗಾಳಿ ಸುಮ್ನೆ ಬಿಡುತ್ತದಾ? ಅಲ್ಯೂಮಿನಿಯಂ ಸೀಟ್ ಪೋಸ್ಟ್ ಸ್ಟೀಲ್ ಫ್ರೇಮಿನೊಳಗೆ ಕಚ್ಚಿಕೊಳ್ಳುವುದೂ ಇಂಥ ಹವೆಯಲ್ಲೇ. ಹಾಗಾಗಿ ಅದಕ್ಕೂ ಬೋಲ್ಟುಗಳ ತಿರುಪಿಗೂ ಗ್ರೀಸ್ ಹಚ್ಚಿಯೇ ಕೂರಿಸುತ್ತೇನೆ.

ಒಂದು ಕಿರಿಕಿರಿ ಮಾತ್ರ ಉಳಿದಿದೆ. ನಿಲ್ಲಿಸಿದಾಗ ಮುಂದಿನ ಭಾರಕ್ಕೆ ಹ್ಯಾಂಡಲ್ ಗಿರಕ್ಕನೆ ತಿರುಗಿ ಸೈಕಲ್ ಬೀಳುತ್ತದೆ. ಅಂಕೋಲೆಯಲ್ಲಿ ಚಹಾ ಕುಡಿಯುವಾಗ ಎರಡು ಸಲ ಬಿತ್ತು. ಈಗ ಹಳೇ ಟ್ಯೂಬಿನ ತುಂಡಿನಿಂದ ಮುಂದಿನ ಗಾಲಿಯನ್ನು ಫ್ರೇಮಿನ ಕೆಳಗಿನ ಕೊಳವೆಗೆ ಕಟ್ಟಿಟ್ಟೇ ಚಹಾಕ್ಕೆ ಹೋಗುತ್ತೇನೆ. ಹೊರಡುವಾಗ ಬಿಚ್ಚಲು ಮರೆಯದಿದ್ದರೆ ಸರಿ.