ಹಳೇ ಓಬೋ ಕೊಂಡಿದ್ದೀರಾ? ಬೈಯುವ ಮೊದಲು ಸ್ಕ್ರೂ ನೋಡಿ

ನಮ್ಮೂರಿನ ಮದುವೆಗಳಲ್ಲಿ ವಾಲಗದವರು ಊದುವ ಮೊದಲು ಪೀಪಿಯನ್ನು ಬಾಯಲ್ಲಿಟ್ಟುಕೊಂಡು ಸುಮ್ನೆ ಕೂತಿರುತ್ತಿದ್ದರು. ಯಾಕೆ ಅಂತ ಗೊತ್ತಾಗಿದ್ದು ಇಂಗ್ಲೆಂಡಿನ ಲೆಸ್ಟರ್‌ಗೆ ಬಂದು, 45ನೇ ವಯಸ್ಸಿನಲ್ಲಿ 380 ಪೌಂಡಿಗೆ ಹಳೇ ಓಬೋ ಕೊಂಡ ಮೇಲೆ. ಓಬೋ ಅಂದರೆ ವಾಲಗದ ಹಾಗೇ ಊದುವ ಪಾಶ್ಚಾತ್ಯ ವಾದ್ಯ. ಇದಕ್ಕೂ ಎರಡು ಎಸಳಿನ ಪೀಪಿ, ಅಂದರೆ ರೀಡ್. ಒಣಗಿದ್ದರೆ ಬರೀ ಗಾಳಿ ಬರುತ್ತದೆ, ಅಷ್ಟೇ.

ಕೊಳ್ಳುವಾಗ ಮೇಲಿನ ತುಂಡನ್ನು ಬಿಚ್ಚಿಕೊಳ್ಳಿ. ಕೆಳಬಾಯನ್ನು ಅಂಗೈಯಿಂದ, ತೂತುಗಳನ್ನು ಎಡಗೈ ಬೆರಳುಗಳಿಂದ ಮುಚ್ಚಿ, ಮೇಲಿನಿಂದ ಗಾಳಿ ಹೀರಿ. ಬಿಗಿ ಹಾಗೇ ನಿಂತು, ಬೆರಳೆತ್ತಿದಾಗ 'ಟಪ್' ಅಂದರೆ ಒಳ್ಳೆಯದು. ಮರದ್ದಾದರೆ ಟ್ರಿಲ್ ಕೀಗಳ (ಎರಡು ಸ್ವರಗಳನ್ನು ಬೇಗ ಬೇಗ ಬದಲಿಸಿ ನುಡಿಸಲು ಒತ್ತುವ ಗುಂಡಿಗಳ) ಸುತ್ತ ಬಿರುಕಿದೆಯಾ ಅಂತ ದೀಪ ಹಿಡಿದು ನೋಡಿ. ಬ್ರಿಟನ್ನಿನ ಹಳೇ ಓಬೋಗಳಲ್ಲಿ ಹಲವಕ್ಕೆ ಥಂಬ್‌ಪ್ಲೇಟ್, ಅಂದರೆ ಎಡಗೈ ಹೆಬ್ಬೆರಳಿಡುವ ತಟ್ಟೆ ಇರುತ್ತದೆ. ಅದರಲ್ಲಿ ಬಿ ಫ್ಲ್ಯಾಟ್ ಮತ್ತು ಸಿ ಸ್ವರ ನುಡಿಸಲು ಹೆಬ್ಬೆರಳು ಎತ್ತಬೇಕು. ಕೀ ಜೋಡಣೆಯ ಇನ್ನೊಂದು ಬಗೆಯಾದ ಕನ್ಸರ್ವೇಟರಿ ಪದ್ಧತಿಯಲ್ಲಿ ಅವಕ್ಕೆ ಬಲಗೈ ತೋರುಬೆರಳು ಒತ್ತಬೇಕು. ಬೆರಳಿನ ಚಾರ್ಟ್ ನಿಮ್ಮ ವಾದ್ಯದ್ದೇ ಆಗಿರಲಿ.

ಮಾರಿದವರು "ಏನೂ ತೊಂದರೆ ಇಲ್ಲ" ಅಂದಿದ್ದರು. ಮೂರು ತಿಂಗಳಾದರೂ ಕೆಳಗಿನ ಸಿ ಬರಲೇ ಇಲ್ಲ. ನನ್ನ ತುಟಿಯೇ ಸರಿಯಿಲ್ಲ ಅಂತ ಬೈದುಕೊಂಡೆ. ಕೊನೆಗೆ ರಿಪೇರಿಯವರು ಸಿಗರೇಟ್ ಸುತ್ತುವ ಕಾಗದದ ಒಂದು ಎಳೆ ಕತ್ತರಿಸಿ, ತೂತು ಮುಚ್ಚುವ ಮೆತ್ತೆಯ (ಪ್ಯಾಡ್) ಕೆಳಗಿಟ್ಟು, ಕೀ ಒತ್ತಿ ಮೆಲ್ಲಗೆ ಎಳೆದರು. ಒಂದು ಪ್ಯಾಡ್ ಕಚ್ಚಿ ಹಿಡಿಯಿತು. ಅದರ ಜೊತೆಗೇ ಮುಚ್ಚಬೇಕಾದ ಇನ್ನೊಂದರ ಕೆಳಗಿಂದ ಕಾಗದ ಜಾರಿ ಬಂತು. ಒಂದು ಪುಟ್ಟ ಸ್ಕ್ರೂವನ್ನು ಕಾಲು ಸುತ್ತು ತಿರುಗಿಸಿದರು, ಸಿ ಬಂತು! ಮೇಲೆಲ್ಲೋ ಗಾಳಿ ಸೋರಿದರೆ ಕೆಳಗಿನ ಸ್ವರಗಳು ಮೊದಲು ಕೈ ಕೊಡುತ್ತವೆ. ಆ ಕಾಗದ ಈಗ ನನ್ನ ಪೆಟ್ಟಿಗೆಯಲ್ಲೂ ಇದೆ. ತೂತಿಗೆ ನೀರು ತುಂಬಿ ಗೊರಗೊರ ಅಂದಾಗಲೂ ಅದೇ ಬೇಕು. ಆದರೆ ಯಾವ ಸ್ಕ್ರೂ ಯಾವುದಕ್ಕೆ ಅಂತ ತಿಳಿಯದೆ ತಿರುಗಿಸಬೇಡಿ. ನಾನು ತಿರುಗಿಸಿ ಇನ್ನೊಮ್ಮೆ ದುಡ್ಡು ಕೊಟ್ಟಿದ್ದೇನೆ.

ಉಳಿದ ದುಡ್ಡನ್ನು ಕೈಯಲ್ಲಿ ಮಾಡಿದ ರೀಡಿಗೆ ಹಾಕಿ. ಅಂಗಡಿಯ ಗಟ್ಟಿ ರೀಡಿನಲ್ಲಿ ದುಬಾರಿ ಓಬೋ ಕೂಡ ಕಿರುಚುತ್ತದೆ. ಒಂದೇ ರೀಡ್ ಸವೆಸಬೇಡಿ, ಮೂರನ್ನು ಸರದಿ ಮೇಲೆ ಊದಿ. ಚಿಕ್ಕ ಡಬ್ಬಿಯ ನೀರಲ್ಲಿ ಎರಡು ಮೂರು ನಿಮಿಷ ನೆನೆಸಿ, ವಾದ್ಯಕ್ಕೆ ಸಿಕ್ಕಿಸದೆ ಊದಿ ನೋಡಿ. ಸಲೀಸಾಗಿ 'ಕ್ರಾ' ಅಂದರೆ ಸರಿ. ಕೆನ್ನೆ ಉಬ್ಬಿಸಿ ಒದ್ದಾಡಬೇಕಾದರೆ ಬೇರೆ ತೆಗೆದುಕೊಳ್ಳಿ.

ಉಸಿರಿನ ವಿಷಯ ವಿಚಿತ್ರ. ಓಬೋ ಊದುವಾಗ ಗಾಳಿ ಸಾಲದೆ ಎದೆ ಕಟ್ಟುವುದಲ್ಲ, ಒಳಗೆ ಜಾಸ್ತಿ ಉಳಿದು ಕಟ್ಟುತ್ತದೆ. ಸಾಲಿನ ಕೊನೆಯಲ್ಲಿ ಮೊದಲು ಹಳೇ ಉಸಿರು ಬಿಡಿ, ಆಮೇಲೆ ಹೊಸದು ಎಳೆಯಿರಿ. ನುಡಿಸುವ ಹಾಳೆಯಲ್ಲಿ ಎರಡಕ್ಕೂ ಬೇರೆ ಬೇರೆ ಗುರುತು ಹಾಕಿಕೊಳ್ಳುತ್ತೇನೆ.

ವರ್ಷಗಟ್ಟಲೆ ಮುಚ್ಚಿಟ್ಟ ಮರದ ಓಬೋ ಆದರೆ ಮೊದಲ ಕೆಲವು ವಾರ ದಿನಕ್ಕೆ 10-15 ನಿಮಿಷ ಸಾಕು. ಚಳಿಗಾಲದಲ್ಲಿ ಮೇಲಿನ ತುಂಡನ್ನು ಸ್ವೆಟರ್ ಒಳಗಿಟ್ಟುಕೊಂಡು ಬೆಚ್ಚಗೆ ಮಾಡಿ, ಆಮೇಲೆ ಊದಿ. ಮುಗಿದ ಮೇಲೆ ರೇಷ್ಮೆ ಬಟ್ಟೆ ಎಳೆದು ಒರೆಸಿ. ಅದಕ್ಕೂ ಮೊದಲು ಬಟ್ಟೆಯಲ್ಲಿ ಗಂಟಿದೆಯಾ ನೋಡಿ. ಒಳಗೆ ಸಿಕ್ಕಿಕೊಂಡರೆ ಮತ್ತೆ ಆ ರಿಪೇರಿಯವರ ಬಾಗಿಲೇ ಗತಿ.