ಪಂಕ್ ವೇಗದಲ್ಲಿ ರಾಕಬಿಲಿ, ಜಂಪ್ ಬ್ಲೂಸ್ ಬೆರೆಸುವುದು

ರಾಕಬಿಲಿ ಎಂದರೆ ಕಂಟ್ರಿ ಸಂಗೀತ, ಬ್ಲೂಸ್ ಬೆರೆತ ಹಳೆಯ ರಾಕ್ ಶೈಲಿ; ಜಂಪ್ ಬ್ಲೂಸ್ ಎಂದರೆ ಕುಣಿಸುವ ವೇಗದ ಬ್ಲೂಸ್. ಇವನ್ನು ಪಂಕ್ ವೇಗದಲ್ಲಿ ಬೆರೆಸಲು ಮೊದಲು ಲಯ ಗಟ್ಟಿಮಾಡಿಕೊಳ್ಳಿ. ಪಂಕ್‌ನಲ್ಲಿ ಒಂದು ಬೀಟಿನ ಎರಡು ಹೊಡೆತ ಸಮ. 1940ರ ದಶಕದಲ್ಲಿ ಲೂಯಿ ಜೋರ್ಡನ್ ತಂಡ ನುಡಿಸಿದ ಜಂಪ್ ಬ್ಲೂಸ್‌ನ ಷಫಲ್ ಎಂಬ ತೂಗುವ ಲಯದಲ್ಲಿ ಮೊದಲನೆಯದು ಉದ್ದ, ಎರಡನೆಯದು ಗಿಡ್ಡ. ನಿಮಿಷಕ್ಕೆ 160 ಬೀಟ್ ಇದ್ದಾಗ ಷಫಲ್ ಚೆನ್ನಾಗಿ ತೂಗುತ್ತದೆ. 200 ದಾಟಿದರೆ ಕೈಗೆ ಸಮಯ ಸಾಲದೆ ಅದು ತಾನಾಗಿಯೇ ಚಪ್ಪಟೆಯಾಗುತ್ತದೆ. ಅಲ್ಲಿ ಸಮ ಹೊಡೆತವೇ ಸರಿ. ಪದ್ಯಕ್ಕೆ ಷಫಲ್, ಪಲ್ಲವಿಗೆ ಸಮ ಹೊಡೆತ ಇಟ್ಟರೆ ಎರಡರ ಸೊಗಸೂ ಉಳಿಯುತ್ತದೆ.

ಈ ಶೈಲಿಯ ಜೀವ ನಿಲುವು ಬಾಸ್, ಅಂದರೆ ನೆಟ್ಟಗೆ ನಿಲ್ಲಿಸಿ ನುಡಿಸುವ ದೊಡ್ಡ ತಂತಿವಾದ್ಯ. ತಂತಿಯನ್ನು ಎಳೆದು ಬಿಡಿ, ಅದು ಫಿಂಗರ್‌ಬೋರ್ಡಿಗೆ (ತಂತಿಯ ಕೆಳಗಿನ ಬೆರಳೊತ್ತುವ ಪಟ್ಟಿಗೆ) ಬಡಿಯಲಿ. ನಡುವಿನ ಹೊಡೆತಕ್ಕೆ ಅಂಗೈಯಿಂದ ತಟ್ಟಿ. ತಂತಿ ಹೊತ್ತ ಬ್ರಿಜ್‌ನಲ್ಲಿ ಸದ್ದು ಹಿಡಿಯುವ ಪಿಕಪ್ ಒಂದೇ ಇದ್ದರೆ ಡ್ರಮ್ಮಿನ ಸದ್ದಿನಲ್ಲಿ ಆ ಟಪಟಪ ಮುಳುಗುತ್ತದೆ. ಫಿಂಗರ್‌ಬೋರ್ಡಿಗೆ ಇನ್ನೊಂದು ಪಿಕಪ್ ಹಾಕಿ, ಎರಡರ ವಾಲ್ಯೂಮ್ ಬೇರೆಬೇರೆ ಹೊಂದಿಸಿ.

ಹೆಚ್ಚಿನವರು ಎಡವುವುದು ಗಿಟಾರಿನಲ್ಲಿ. ಡಿಸ್ಟಾರ್ಷನ್ (ಸದ್ದಿನ ಒರಟುತನ) ಏರಿಸಿ ಆರನೇ, ಒಂಬತ್ತನೇ ಸ್ವರ ಸೇರಿದ ಕಾರ್ಡ್ ಹಿಡಿದರೆ ಸ್ವರಗಳು ಒಂದಕ್ಕೊಂದು ತಿಕ್ಕಿ ಕೆಸರಾಗುತ್ತವೆ. ಆಂಪ್ಲಿಫೈಯರಿನ ಗೇನ್ (ಸದ್ದನ್ನು ಒರಟಾಗಿಸುವ ಗುಂಡಿ) ಇಳಿಸಿ, ಪಿಕ್ ಜೋರಾಗಿ ಹೊಡೆಯಿರಿ. ಡಿಸ್ಟಾರ್ಷನ್ ಬೇಕೇಬೇಕೆಂದರೆ ಎರಡು ಸ್ವರದ ಪವರ್ ಕಾರ್ಡ್ ಸಾಕು. 1950ರ ದಶಕದ ಮೆಂಫಿಸ್ ಸ್ಟುಡಿಯೋ ಸದ್ದಿನಂಥ ಸ್ಲ್ಯಾಪ್‌ಬ್ಯಾಕ್‌ಗೆ (ತಕ್ಷಣ ಮರಳುವ ಪ್ರತಿಧ್ವನಿಗೆ) ಡಿಲೇ, ಅಂದರೆ ಪ್ರತಿಧ್ವನಿಯ ತಡ, ಸುಮಾರು 94 ಮಿಲಿಸೆಕೆಂಡ್, ಪ್ರತಿಧ್ವನಿ ಒಂದೇ ಸಲ. 160ರ ವೇಗದಲ್ಲಿ ಅದು ಕಾಲು ಬೀಟ್.

ಟೆನರ್ ಸ್ಯಾಕ್ಸೊಫೋನ್ ಸಿಕ್ಕರೆ ಹನ್ನೆರಡು ಬಾರ್ (ನಾಲ್ಕು ಬೀಟಿನ ಒಂದು ಆವರ್ತ) ಬ್ಲೂಸ್‌ನ ಪ್ರತಿ ನಾಲ್ಕು ಬಾರಿನಲ್ಲಿ ಮೊದಲೆರಡನ್ನು ಹಾಡುಗಾರರಿಗೆ ಬಿಡಿ, ಉಳಿದೆರಡರಲ್ಲಿ ಸ್ಯಾಕ್ಸ್ ಉತ್ತರಿಸಲಿ.